ಖಡಕ್ ರೊಟ್ಟಿ, ಬಿಸಿ ರೊಟ್ಟಿ

ಹೋದ ಶ್ರಾವಣದಲ್ಲಿ ಅಕ್ಕನ ಮಗಳು ಸೋಮವಾರದ ಉಪವಾಸ ಹಿಡಿದಳು. 17 ವರ್ಷದ ಹುಡುಗಿ. ಕಲಬುರಗಿಯಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ, ಜೊತೆಗೆ ನೀಟ್ ಕೋಚಿಂಗ್. ಇಷ್ಟು ಓದಿನ ನಡುವೆಯೂ ದೇವರ ಮೇಲೆ ಭಕ್ತಿ ಇದೆಯಲ್ಲ ಅಂತ ಎಲ್ಲರಿಗೂ ಖುಷಿ. ಎರಡು ವಾರಕ್ಕೆ ಗುರುವಾರ ಸೇರಿಕೊಂಡಿತು. ಆಮೇಲೆ ಶನಿವಾರ. ಶ್ರಾವಣ ಮುಗಿಯಿತು, ಉಪವಾಸ ಮುಗಿಯಲಿಲ್ಲ. ಆಳಂದ ಕಡೆಯ ಊರಿನಿಂದ ಅಕ್ಕ ಫೋನ್ ಮಾಡಿದಾಗ ವಿಷಯ ಹೇಳಿದೆ. "ಶರಣಬಸಪ್ಪಗ ಬೇಡ್ಕೊಂಡಿರಬೇಕು, ಮಾಡ್ಲಿ ಬಿಡು" ಅಂದಳು.

ನನಗೆ ಬಿಡಲು ಆಗಲಿಲ್ಲ. ನಾನೂ ಒಂದು ಕಾಲದಲ್ಲಿ ವಾರಕ್ಕೆ ಮೂರು ದಿನ ದೇವರ ಹೆಸರು ಹೇಳಿ ಊಟ ಬಿಟ್ಟವಳು.

ಅವ್ವನ ಉಪವಾಸ ನೋಡಿಕೊಂಡೇ ನಾವು ಬೆಳೆದದ್ದು. ಅದರಲ್ಲಿ ಒಂದು ಸಡಿಲ ಇತ್ತು. ಜ್ವರ ಬಂದರೆ ಅವ್ವ ಬಿಟ್ಟುಬಿಡುತ್ತಿದ್ದಳು. ಸಂಜೆ ಪೂಜೆ ಆದ ಮೇಲೆ ಸಮಾಧಾನದಿಂದ ಕೂತು ಉಣ್ಣುತ್ತಿದ್ದಳು. ನನ್ನ ಉಪವಾಸದಲ್ಲಿ ಸಮಾಧಾನ ಇರಲಿಲ್ಲ. ಮುರಿದರೆ ನಿಲ್ಲಿಸಲಾಗದೆ ತಿನ್ನುತ್ತಿದ್ದೆ. ತಿಂದದ್ದಕ್ಕೆ ನಾಚಿಕೆಪಟ್ಟು ವಾಂತಿ ಮಾಡುತ್ತಿದ್ದೆ. ಮರುದಿನ ಇನ್ನೂ ಬಿಗಿಯಾದ ಉಪವಾಸ. ಈ ಗಾಣದಲ್ಲಿ ನಾಲ್ಕು ವರ್ಷ ಸುತ್ತಿದೆ.

2009ರಲ್ಲಿ ನಾನು ಡಿಗ್ರಿ ಎರಡನೇ ವರ್ಷ. ಊರಿಗೆ ಆಗಿನ್ನೂ ಗುಲ್ಬರ್ಗ ಅಂತಲೇ ಹೆಸರು. ಹಾಸ್ಟೆಲ್‌ನಲ್ಲಿದ್ದೆ. ರಜೆಗೆ ಊರಿಗೆ ಹೋದಾಗ ಒಬ್ಬರು ನೋಡಲು ಬಂದರು. ಹುಡುಗನ ಅತ್ತೆ ನನ್ನ ಎದುರಿಗೇ ಅವ್ವನಿಗೆ ಹೇಳಿದರು, "ಹುಡುಗಿ ಲಕ್ಷಣ ಇದ್ದಾಳ, ಸ್ವಲ್ಪ ಮೈ ಇಳಿಸಿದ್ರ ಆಯ್ತು." ಆ ಸಂಬಂಧ ಕೂಡಿಬರಲಿಲ್ಲ. ಮಾತು ಮಾತ್ರ ನನ್ನ ಜೊತೆ ಹಾಸ್ಟೆಲ್‌ಗೆ ಬಂತು. ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಈ ಕಾಯಿಲೆ ಒಂದೇ ಮಾತಿನಿಂದ ಬರುವುದಿಲ್ಲ. ಮನೆತನದಲ್ಲಿ ಬರುವ ಗುಣ, ಮನಸ್ಸಿನ ಆತಂಕ, ಎಲ್ಲದರಲ್ಲೂ ಸರಿಯಾಗಿರಬೇಕೆಂಬ ಹಟ, ತೂಕ ಇಳಿಸಲು ಶುರು ಮಾಡಿದ ಡಯಟ್, ಇವೆಲ್ಲ ಸೇರಿಕೊಳ್ಳುತ್ತವೆ. ಆದರೆ ಮಾತು ಬಂದು ಬಿದ್ದ ನೆಲ ಹಸಿಯಾಗಿತ್ತು.

ನಾನು ಎಷ್ಟು ತೂಕ ಇದ್ದೆ, ಎಷ್ಟಕ್ಕೆ ಇಳಿದೆ, ದಿನಕ್ಕೆ ಎಷ್ಟು ತಿನ್ನುತ್ತಿದ್ದೆ, ಇದು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಕಾಯಿಲೆ ಇದ್ದಾಗ ನಾನು ಇಂಥ ಬರಹ ಸಿಕ್ಕರೆ ಮೊದಲು ಆ ಅಂಕಿಗಳನ್ನೇ ಹುಡುಕುತ್ತಿದ್ದೆ. ಅವಳಿಗಿಂತ ಕಡಿಮೆ ಆಗಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಇದನ್ನು ಓದುವವರಲ್ಲಿ ಅಂಥ ಒಬ್ಬಳಿದ್ದರೂ ಅವಳ ಕೈಗೆ ನನ್ನ ಅಂಕಿ ಸಿಗುವುದು ಬೇಡ.

ನಮ್ಮೂರಿನಲ್ಲಿ ಇದನ್ನು ಮುಚ್ಚಿಡುವುದು ತುಂಬಾ ಸುಲಭ. ಮೇ ತಿಂಗಳಲ್ಲಿ ಒಮ್ಮೆ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಬೀದಿಯಲ್ಲಿ ತಲೆ ತಿರುಗಿ ಬಿದ್ದೆ. 43 ಡಿಗ್ರಿ ಬಿಸಿಲು. "ಬಿಸಿಲಿಗೆ ತಲಿ ತಿರುಗ್ಯಾದ" ಅಂತ ಯಾರೋ ಪುಣ್ಯಾತ್ಮರು ನೆರಳಿಗೆ ಕೂರಿಸಿ ಲಿಂಬು ಶರಬತ್ತು ಕುಡಿಸಿದರು. ಊರಿಗೆ ಹೋದರೆ ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. "ನೋಡು, ಘಾಟೇ ಬರಲಿಲ್ಲ. ಎಷ್ಟು ದೃಷ್ಟಿ ಆಗಿತ್ತು ನನ್ನ ಮಗಳಿಗಿ!" ಬಿಸಿಲು, ದೃಷ್ಟಿ, ಉಪವಾಸ, ಪರೀಕ್ಷೆ. ಕಾಯಿಲೆಗೆ ಇಷ್ಟು ಹೆಸರು ಇದ್ದವು, ಅದರ ಹೆಸರೊಂದನ್ನು ಬಿಟ್ಟು.

ಹೆಸರಿನ ಹತ್ತಿರ ಮೊದಲು ಬಂದವರು ಹಲ್ಲಿನ ಡಾಕ್ಟರು. ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುತ್ತಿತ್ತು, ತೋರಿಸಲು ಹೋಗಿದ್ದೆ. ಅವರು ಸಣ್ಣ ಕನ್ನಡಿ ಹಿಡಿದು ಮೇಲಿನ ಮುಂದಿನ ಹಲ್ಲುಗಳ ಹಿಂಬದಿ ನೋಡಿದರು. ಎರಡು ಸಲ ನೋಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ನರ್ಸ್ ಹೊರಗೆ ಹೋಗುವವರೆಗೆ ಕಾದು, ಮೆಲ್ಲಗೆ ಕೇಳಿದರು, "ನಿನಗ ಮ್ಯಾಲಿಂದ ಮ್ಯಾಲ ವಾಂತಿ ಆಗ್ತದೇನವ್ವ?" ಹೊಟ್ಟೆಯ ಆಮ್ಲ ಪದೇ ಪದೇ ಬಾಯಿಗೆ ಬಂದರೆ ಹಲ್ಲಿನ ಹೊರ ಕವಚ ಕರಗುತ್ತದೆ, ಅದೂ ಒಳಬದಿಯಲ್ಲಿ. ನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ನಾನು ಬಾಯಿ ತೆರೆದುಕೊಂಡೇ ಅತ್ತೆ.

ಆಮೇಲೆ ಹೋದ ಒಂದು ಕ್ಲಿನಿಕ್‌ನಲ್ಲಿ "ಇಷ್ಟೇನಾ? ಚೆನ್ನಾಗಿ ತಿನ್ನಮ್ಮ, ಚಿಂತೆ ಬಿಡು" ಅಂತ ಟಾನಿಕ್ ಬರೆದುಕೊಟ್ಟು ಕಳಿಸಿದರು. ಸರಿಯಾದ ಮನೋವೈದ್ಯರು ಸಿಗಲು ಇನ್ನೂ ಎಂಟು ತಿಂಗಳು ಹಿಡಿಯಿತು. ಆ ಹೊತ್ತಿಗೆ ಕಾಯಿಲೆ ನನ್ನ ಗುಣವೇ ಆಗಿಬಿಟ್ಟಿತ್ತು. ಅದನ್ನು ಬಿಡಿಸಲು ಮತ್ತೆ ಮೂರು ವರ್ಷ ಬೇಕಾಯಿತು.

ಆದ್ದರಿಂದ ಅಕ್ಕನ ಮಗಳ ವಿಷಯದಲ್ಲಿ ನಾನು ಕಾಯಲು ತಯಾರಿರಲಿಲ್ಲ. ಒಂದು ರಾತ್ರಿ ಮಾಳಿಗೆ ಮೇಲೆ ಅವಳ ಪಕ್ಕ ಕೂತು ನನ್ನ ಕಥೆಯನ್ನೇ ಮೊದಲು ಹೇಳಿದೆ. ಅವಳು ಬಹಳ ಹೊತ್ತು ನೀರಿನ ಟ್ಯಾಂಕ್ ನೋಡುತ್ತಿದ್ದಳು. ಆಮೇಲೆ ಅಂದಳು, "ಖರೆ ಅದ ಸಣ್ಣವ್ವ. ಆದ್ರ ನಂದು ರೋಗ ಅಲ್ಲ. ನಾ ಏನ್ ಅಷ್ಟು ಸೊರಗಿಲ್ಲಲ್ಲ?"

ಇಲ್ಲಿಯೇ ಎಷ್ಟೋ ಜನ ಸಿಕ್ಕಿಬೀಳುವುದು. ಈಟಿಂಗ್ ಡಿಸಾರ್ಡರ್ (ತಿನ್ನುವುದರ ಸುತ್ತ ಬೆಳೆಯುವ ಮನಸ್ಸಿನ ಕಾಯಿಲೆ) ಅಂದರೆ ಎಲುಬು ಕಾಣುವ ಹುಡುಗಿ ಅಂತಲೇ ಎಲ್ಲರ ಕಣ್ಣ ಮುಂದೆ ಬರುತ್ತದೆ. ಅದು ಅನೊರೆಕ್ಸಿಯಾ, ಒಂದು ಬಗೆ ಅಷ್ಟೇ. ತಿಂದು, ತಿಂದದ್ದನ್ನು ಕಳೆದುಕೊಳ್ಳಲು ಒದ್ದಾಡುವ ಬುಲಿಮಿಯಾಕ್ಕೆ 1979ರಲ್ಲಿ ಲಂಡನ್ನಿನ ವೈದ್ಯ ಜೆರಾಲ್ಡ್ ರಸ್ಸೆಲ್ ಹೆಸರು ಕೊಟ್ಟರು. ಅದಿರುವವರು ಬಹಳ ಮಟ್ಟಿಗೆ ನಮ್ಮ ನಿಮ್ಮ ಹಾಗೆಯೇ ಕಾಣುತ್ತಾರೆ. ಕಳೆದುಕೊಳ್ಳುವ ಒದ್ದಾಟ ಇಲ್ಲದೆ, ಹಿಡಿತ ತಪ್ಪಿ ತಿನ್ನುವುದೂ ಒಂದು ಕಾಯಿಲೆ. ಹುಡುಗರಿಗೂ ಇವು ಬರುತ್ತವೆ. ಜಿಮ್, ಪ್ರೋಟೀನ್ ಪುಡಿ ಅಂತ ಅವರ ಕಡೆ ಬೇರೆ ವೇಷದಲ್ಲಿರುತ್ತವೆ, ಅಷ್ಟೇ.

ಅವಳಿಗೆ ಐದು ಪ್ರಶ್ನೆ ಕೇಳಿದೆ. 1999ರಲ್ಲಿ ಇಂಗ್ಲೆಂಡಿನ ವೈದ್ಯರು ಮಾಡಿದ ಸ್ಕಾಫ್ ಅನ್ನುವ ಸಣ್ಣ ಪಟ್ಟಿ ಅದು. ಹೊಟ್ಟೆ ತುಂಬಿದ ಸಂಕಟಕ್ಕೆ ನೀನೇ ವಾಂತಿ ಮಾಡಿಕೊಳ್ಳುತ್ತೀಯಾ? ಎಷ್ಟು ತಿನ್ನಬೇಕು ಅನ್ನುವ ಹಿಡಿತ ತಪ್ಪಿದೆ ಅನಿಸುತ್ತದಾ? ಮೂರು ತಿಂಗಳಲ್ಲಿ ತೂಕ ಬಹಳ ಇಳಿದಿದೆಯಾ? ಬೇರೆಯವರು ಸೊರಗಿದ್ದೀ ಅಂದರೂ ನಿನಗೆ ದಪ್ಪ ಅನಿಸುತ್ತದಾ? ದಿನವೆಲ್ಲ ಊಟದ ವಿಚಾರವೇ ಆಗಿಬಿಟ್ಟಿದೆಯಾ? ಎರಡಕ್ಕೆ ಹೌದು ಅಂದರೂ ತಜ್ಞರಿಗೆ ತೋರಿಸಬೇಕು ಅನ್ನುತ್ತದೆ ಆ ಪಟ್ಟಿ. ಅವಳು ಮೂರು ಬೆರಳು ಮಡಚಿದಳು. ಬಾಯಿಂದ ಏನೂ ಹೇಳಲಿಲ್ಲ.

"ಡಾಕ್ಟರ್ ಹತ್ರ ಹೋಗೋಣ" ಅಂದರೆ ಗಾಬರಿಯಾದಳು. ಅದು ನನಗೆ ಅರ್ಥವಾಗುತ್ತದೆ. ಕಲಬುರಗಿ ದೊಡ್ಡ ಊರು ನಿಜ, ಆದರೆ ಮನೋರೋಗದ ಓಪಿಡಿ ಎದುರಿನ ಬೆಂಚು ಬಹಳ ಸಣ್ಣದು. ಅಲ್ಲಿ ಕೂತರೆ ಯಾರೋ ಊರ ಕಡೆಯವರು ಕಂಡೇ ಕಾಣುತ್ತಾರೆ. "ಯಾಕವ್ವ, ಇಲ್ಲ್ಯಾಕ ಬಂದೀರಿ?" ಅಂತ ಕೇಳುತ್ತಾರೆ. ಆ ಸುದ್ದಿ ನಾವು ಮನೆ ಮುಟ್ಟುವುದರೊಳಗೆ ಊರು ಮುಟ್ಟಿರುತ್ತದೆ. ಆಗ ನಾನು ಫೋನ್ ಕಡೆ ಕೈ ತೋರಿಸಿದೆ.

ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಮೊದಲು ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ, ಬೇಕು ಅನಿಸಿದರೆ ಮುಂದೆ ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ದಾಟಿಸುತ್ತಾರೆ. ಅವಳು ಇಯರ್‌ಫೋನ್ ಹಾಕಿಕೊಂಡು ಟ್ಯಾಂಕ್ ಮರೆಗೆ ಹೋದಳು. ನಾನು ಮೆಟ್ಟಿಲ ಮೇಲೆ ಕೂತೆ. ಮೊದಲ ಐದು ನಿಮಿಷ "ಹ್ಞೂಂ", "ಇಲ್ರಿ", "ಹ್ಞೂಂ". ಆಮೇಲೆ ಇದ್ದಕ್ಕಿದ್ದಂತೆ ಮಾತು ಹರಿಯಿತು. ನನಗೆ ಹೇಳದ್ದನ್ನೂ ಹೇಳಿದಳು. ಮುಖ ಕಾಣದ ದನಿಗೆ ಹೇಳುವುದು ಸುಲಭ, ಅಲ್ವಾ?

ಇದು ನಮ್ಮ ಹುಡುಗಿ ಒಬ್ಬಳ ಕಥೆಯಲ್ಲ. ಅಮೆರಿಕದ 27 ಕಾಲೇಜುಗಳ 690 ವಿದ್ಯಾರ್ಥಿನಿಯರ ಮೇಲೆ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಇಂಥದೇ ತೊಂದರೆ. ಕೆಲವು ಕಾಲೇಜುಗಳಲ್ಲಿ ಫೋನಿನಲ್ಲೇ ಪಾಠ, ಜೊತೆಗೆ ಮೆಸೇಜ್ ಮಾಡುವ ಒಬ್ಬ ಮಾರ್ಗದರ್ಶಕರನ್ನು ಕೊಟ್ಟರು. ಉಳಿದ ಕಡೆ ಕಾಲೇಜಿನ ಆಸ್ಪತ್ರೆಗೆ ಹೋಗಿ ಅಂತ ದಾರಿ ತೋರಿಸಿದರು. ಫೋನ್ ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಶುರು ಮಾಡಿದರು. ಬರೀ ದಾರಿ ತೋರಿಸಿಕೊಂಡವರಲ್ಲಿ ಚಿಕಿತ್ಸೆ ತನಕ ಹೋದವರು ನೂರಕ್ಕೆ 28 ಮಂದಿ. ಫೋನಿನಿಂದ ಎಲ್ಲರೂ ಪೂರ್ತಿ ಗುಣವಾದರು ಅಂತ ಅಲ್ಲ. ತೊಂದರೆ ಕಡಿಮೆಯಾಯಿತು, ತಿಂದು ಕಳೆಯುವ ಅಭ್ಯಾಸ ಸಂಪೂರ್ಣ ನಿಂತವರ ಸಂಖ್ಯೆಯಲ್ಲಿ ಎರಡೂ ಗುಂಪಿಗೆ ಅಷ್ಟೇನೂ ವ್ಯತ್ಯಾಸ ಇರಲಿಲ್ಲ. ಆದರೂ ಆ 83 ಮತ್ತು 28ರ ನಡುವೆ ಎಷ್ಟು ಹುಡುಗಿಯರು ಇದ್ದಾರೆ ಅಂತ ನೋಡಿ. ಆ ನಡುವೆ ನಾಲ್ಕು ವರ್ಷ ನಾನೂ ಇದ್ದೆ.

ಲಂಡನ್ನಿನಲ್ಲಿ 2014ರಲ್ಲಿ ಫ್ರೀಡ್ ಅನ್ನುವ ಯೋಜನೆ ಶುರುವಾಯಿತು. 16ರಿಂದ 25 ವರ್ಷದವರಿಗೆ, ಕಾಯಿಲೆ ಶುರುವಾಗಿ ಮೂರು ವರ್ಷ ದಾಟಿರದವರಿಗೆ. ಹೆಸರು ಬಂದ 48 ಗಂಟೆಯೊಳಗೆ ಅವರೇ ಫೋನ್ ಮಾಡುತ್ತಾರೆ. ಯಾಕಿಷ್ಟು ಅವಸರ? ಮೊದಲ ಮೂರು ವರ್ಷ ಈ ಕಾಯಿಲೆ ಇನ್ನೂ ಹಸಿ ಮಣ್ಣಿನ ಹಾಗಿರುತ್ತದೆ. ಆಮೇಲೆ ಸುಟ್ಟ ಮಡಕೆ.

ಸಹಾಯವಾಣಿಯವರು ಒಂದು ವಿಷಯದಲ್ಲಿ ಗಟ್ಟಿ ಇದ್ದರು. ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ, ಇಸಿಜಿ ಆಗಬೇಕು. ವಾಂತಿಯಿಂದ ಪೊಟ್ಯಾಶಿಯಂ ಇಳಿಯುತ್ತದೆ, ಅದು ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಫೋನ್ ಅದನ್ನು ಅಳೆಯಲಾರದು. ತಲೆ ತಿರುಗಿ ಬೀಳುವವರು, ಎದೆ ಡವಡವ ಅನ್ನುವವರು, ನೀರೂ ನಿಲ್ಲದವರು, ಬದುಕೇ ಬೇಡ ಅನಿಸುವವರು ಆ್ಯಪ್ ಹುಡುಕುತ್ತಾ ಕೂರಬಾರದು, ಸೀದಾ ಆಸ್ಪತ್ರೆಗೆ ಹೋಗಬೇಕು. ಅನೊರೆಕ್ಸಿಯಾ ಅಂತೂ ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಒಂದು.

ಅಷ್ಟು ಆದ ಮೇಲೆ ಬೆಂಗಳೂರಿನ ಒಬ್ಬ ಮನಶ್ಶಾಸ್ತ್ರಜ್ಞೆ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಸಿಕ್ಕರು. ಇಲ್ಲದಿದ್ದರೆ ಪ್ರತಿ ವಾರ ಒಂದು ರಾತ್ರಿಯ ರೈಲು ಆಗುತ್ತಿತ್ತು. ಅವರು ಮೊದಲು ಹೇಳಿದ್ದು ಊಟದ ಬಗ್ಗೆ. ಮೂರು ಊಟ, ನಡುವೆ ಎರಡು ಸಲ ಏನಾದರೂ ತಿಂಡಿ, ನಾಲ್ಕು ಗಂಟೆಗಿಂತ ಜಾಸ್ತಿ ಖಾಲಿ ಹೊಟ್ಟೆ ಬೇಡ. ಹಸಿದ ದೇಹವೇ ರಾತ್ರಿ ಹಿಡಿತ ತಪ್ಪಿಸುತ್ತದೆ. ಅವಳು ಫೋನಿನಲ್ಲಿ ಐದು ಅಲಾರಂ ಇಟ್ಟುಕೊಂಡಳು. ಉಪವಾಸ ಸದ್ಯಕ್ಕೆ ಬೇಡ ಅಂದಾಗ ಅತ್ತಳು. ನಾನು ಅವಳನ್ನು ಶರಣಬಸವೇಶ್ವರ ಗುಡಿಗೆ ಕರೆದುಕೊಂಡು ಹೋದೆ. ಕೈ ಮುಗಿದು ಬಂದು, ಅಪ್ಪನ ಕೆರೆ ದಂಡೆಯಲ್ಲಿ ಕೂತು ಬಾಳೆಹಣ್ಣು ತಿಂದೆವು. ಹಸಿದವರಿಗೆ ಅನ್ನ ಹಾಕಿದ ಶರಣರ ಊರು ಇದು. ಅವಳ ಹಸಿವನ್ನು ಆ ಶರಣರು ಕೇಳಿರಲಿಕ್ಕಿಲ್ಲ ಅಂದೆ. ಅವಳು ಸಿಪ್ಪೆಯನ್ನು ಸಣ್ಣಗೆ ಮಡಚುತ್ತಾ ಕೂತಿದ್ದಳು.

ಮೂರನೇ ವಾರಕ್ಕೆ ಮೇಡಂ ಒಂದು ಹಾಳೆ ಕಳಿಸಿದರು. 12 ವಾಕ್ಯ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಗುರುತು ಹಾಕಬೇಕು. 1 ಅಂದರೆ ಎಂದೂ ನಿಜವಲ್ಲ, 7 ಅಂದರೆ ಯಾವಾಗಲೂ ನಿಜ. 2013ರಲ್ಲಿ ಎಮಿಲಿ ಸ್ಯಾಂಡೋಜ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಪಟ್ಟಿ. ಅದು "ನಿನ್ನ ದೇಹ ನಿನಗೆ ಇಷ್ಟಾನಾ" ಅಂತ ಕೇಳುವುದಿಲ್ಲ. ಬೇರೆಯದೇ ಕೇಳುತ್ತದೆ. ತೂಕದ ಚಿಂತೆ ನಿನಗೆ ಬೇಕಾದ ಬದುಕಿಗೆ ಅಡ್ಡ ಬರುತ್ತದಾ? ಮೈ ಬಗ್ಗೆ ಬೇಜಾರು ಬಂದಾಗ ನೀನು ಮುದುಡಿಕೊಳ್ಳುತ್ತೀಯಾ? ಅವಳ ಜೊತೆ ನಾನೂ ಒಂದು ಹಾಳೆ ತುಂಬಿದೆ. ವಾಂತಿ ನಿಂತು ಹತ್ತು ವರ್ಷವಾಗಿದೆ, ಗುಣವಾಗಿದ್ದೇನೆ ಅಂದುಕೊಂಡಿದ್ದೆ. ಆದರೆ ಗುರುತು ಹಾಕುವಾಗ ಪೆನ್ನು ತಡೆಯಿತು. ಮದುವೆಗಳಲ್ಲಿ ಫೋಟೋ ತೆಗೆಯುವಾಗ ಈಗಲೂ ಹಿಂದಿನ ಸಾಲಿಗೆ ಹೋಗುತ್ತೇನೆ. ಅಪ್ಪ ತೀರಿಕೊಳ್ಳುವ ಮುಂಚಿನ ವರ್ಷ ತೆಗೆದ ಮನೆಮಂದಿಯ ಫೋಟೋದಲ್ಲಿ ನಾನು ಇಲ್ಲವೇ ಇಲ್ಲ. ಅವತ್ತು ಸೀರೆ ಸರಿಯಾಗಿ ಕಾಣಲ್ಲ ಅಂತ ಅಡುಗೆಮನೆಯಲ್ಲೇ ಉಳಿದಿದ್ದೆ. ಅಲ್ಲಿ 6 ಅಂತ ಬರೆದೆ.

ಈ ಹಾಳೆ ಅಳೆಯುವುದಕ್ಕೆ ಮೇಡಂ ಬಾಡಿ ಇಮೇಜ್ ಫ್ಲೆಕ್ಸಿಬಿಲಿಟಿ ಅಂದರು. ಹುಡುಗಿಗೆ ಅರ್ಥವಾಗಲಿಲ್ಲ. ಅವತ್ತು ರಾತ್ರಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ನನಗೆ ಹೊಳೆಯಿತು. ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ಮಡಚಿ ಪುಂಡಿಪಲ್ಯ ಎತ್ತಿಕೊಳ್ಳಬಹುದು. ಖಡಕ್ ರೊಟ್ಟಿ ಬಾಗಿಸಲು ಹೋದರೆ ಟಪ್ ಅಂತ ಮುರಿಯುತ್ತದೆ. ಹಿಟ್ಟು ಒಂದೇ, ಜೋಳ ಒಂದೇ. "ನಾನು ದಪ್ಪ" ಅನ್ನುವ ವಿಚಾರ ನಿನಗೂ ಬರ್ತದ, ನನಗೂ ಬರ್ತದ, ಅಂದೆ. ಅದು ಬಂದಾಗ ಊಟ, ಕ್ಲಾಸು, ಗೆಳತಿಯ ಹುಟ್ಟುಹಬ್ಬ ಎಲ್ಲವೂ ಟಪ್ ಅಂತ ಮುರಿದುಬಿದ್ದರೆ ಅದು ಖಡಕ್. ವಿಚಾರ ಇದ್ದರೂ ಬಾಗಿ ಮುಂದೆ ಹೋದರೆ ಅದು ಬಿಸಿ ರೊಟ್ಟಿ. ಅವಳು ಒಂದು ಬಿಸಿ ರೊಟ್ಟಿ ಕೈಗೆ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ನೋಡಿದಳು.

ನನಗೆ ಈ ಮಾತು ಬೇಗ ಸಿಗಬೇಕಿತ್ತು. "ಕನ್ನಡಿ ಮುಂದೆ ನಿಂತು ನಾನು ಸುಂದರಿ ಅಂತ ಹೇಳಿಕೋ" ಅಂತ ನನಗೆ ಎಷ್ಟೋ ಜನ ಹೇಳಿದ್ದಾರೆ. ನಾನು ಹೇಳಿಕೊಂಡೆ, ನಂಬಲಿಲ್ಲ, ನಂಬದ್ದಕ್ಕೆ ಇನ್ನೊಂದು ಸೋಲು ಸೇರಿತು. ಪ್ರೀತಿ ಬರುವ ತನಕ ಕಾಯಬೇಕಿಲ್ಲ. ಬೇಜಾರು ಇದ್ದಾಗಲೂ ಫೋಟೋದಲ್ಲಿ ನಿಲ್ಲಬಹುದು. ಮೇಡಂ ಕೊಟ್ಟ ಒಂದು ಅಭ್ಯಾಸ ನಮ್ಮ ಭಾಷೆಗೆ ಹೇಳಿ ಮಾಡಿಸಿದ ಹಾಗಿತ್ತು. "ನಾನು ದಪ್ಪ" ಅನ್ನುವುದರ ಬದಲು "ನಾನು ದಪ್ಪ ಅನ್ನೋ ವಿಚಾರ ಬರಲತ್ತದ" ಅನ್ನಬೇಕು. ಅಷ್ಟೇ. ಮೊದಲನೆಯದು ತೀರ್ಪು. ಎರಡನೆಯದು ಬಾಗಿಲಿಗೆ ಬಂದ ಯಾರೋ ಒಬ್ಬರು.

ಫೋನನ್ನು ಹೊಗಳುತ್ತಿದ್ದೇನೆ ಅಂತ ತಿಳಿಯಬೇಡಿ. ಅವಳಿಗೆ "ಒಂದು ವಾರದಲ್ಲಿ ಹೊಟ್ಟೆ ಕರಗಿಸಿ" ಅಂತ ಹೇಳಿಕೊಟ್ಟದ್ದೂ ಅದೇ ಫೋನು. ಒಂದು ರೀಲ್ ನೋಡಿದರೆ ಅಂಥವೇ ಹತ್ತು ಬರುತ್ತವೆ. ಯಂತ್ರದ ಕೈಗೆ ಸಹಾಯ ಒಪ್ಪಿಸುವುದರಲ್ಲೂ ಅಪಾಯ ಇದೆ. ಅಮೆರಿಕದಲ್ಲಿ ಇದೇ ಕಾಯಿಲೆಯವರಿಗಾಗಿ ಇಟ್ಟಿದ್ದ ಟೆಸ್ಸಾ ಅನ್ನುವ ಚಾಟ್‌ಬಾಟ್, 2023ರಲ್ಲಿ ಸಹಾಯ ಕೇಳಿ ಬಂದವರಿಗೆ ತೂಕ ಇಳಿಸುವ ಸಲಹೆ ಕೊಡತೊಡಗಿತು. ಅದನ್ನು ನಿಲ್ಲಿಸಬೇಕಾಯಿತು. ನಾವು ಅವಳ ಜೊತೆ ಕೂತು ಡಯಟ್ ಅಕೌಂಟ್‌ಗಳನ್ನೆಲ್ಲ ಅನ್‌ಫಾಲೋ ಮಾಡಿದೆವು. ಕ್ಯಾಲೊರಿ ಎಣಿಸುವ ಆ್ಯಪ್ ತೆಗೆಯಲು ಮಾತ್ರ ಅವಳಿಗೆ ಎರಡು ವಾರ ಬೇಕಾಯಿತು.

ಅಕ್ಕನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಈ ವಯಸ್ಸಿನ ಮಕ್ಕಳಿಗೆ ಮನೆಯವರು ಜೊತೆಗಿಲ್ಲದೆ ಆಗದು ಅಂತ ಮೇಡಂ ಹೇಳಿದ್ದರು. ಅಕ್ಕ ಬಂದವಳೇ ಉಪ್ಪು ಮೆಣಸಿನಕಾಯಿ ಹಿಡಿದಳು. ನಾನು ತಡೆಯಲಿಲ್ಲ. ನಿವಾಳಿಸಿ ಮುಗಿದ ಮೇಲೆ ಎಲ್ಲ ಹೇಳಿದೆವು. ಅವಳು ಸೆರಗು ಬಾಯಿಗೆ ಹಿಡಿದು ಕೇಳಿದಳು, "ನಾ ಏನ್ ಮಾಡ್ಬೇಕು, ಅದು ಹೇಳು." ಊಟ ಆದ ಮೇಲೆ ಒಂದು ತಾಸು ಜೊತೆಗೆ ಕೂಡು, ಎಷ್ಟು ತಿಂದಳು ಅಂತ ಲೆಕ್ಕ ಹಾಕಬೇಡ, ಮೈ ಬಗ್ಗೆ ಒಳ್ಳೆಯದೂ ಕೆಟ್ಟದ್ದೂ ಮಾತಾಡಬೇಡ. ಅಕ್ಕ ಅವತ್ತಿನಿಂದ ದಿನಾ ರಾತ್ರಿ ಊಟದ ಹೊತ್ತಿಗೆ ಊರಿನಿಂದ ವಿಡಿಯೋ ಕಾಲ್ ಮಾಡುತ್ತಾಳೆ. ಫೋನನ್ನು ತಂಬಿಗೆಗೆ ಆನಿಸಿ ಇಟ್ಟು ಇಬ್ಬರೂ ಉಣ್ಣುತ್ತಾರೆ. ಎಮ್ಮೆ ಕರು ಹಾಕಿದ್ದು, ಬಾವಿ ನೀರು, ತೊಗರಿ ಹೂ ಉದುರಿದ್ದು, ಇಂಥದೇ ಮಾತು.

ಎಳ್ಳಮಾವಾಸ್ಯೆಗೆ ಎಲ್ಲರೂ ಊರಿಗೆ ಹೋದೆವು. ಹೊಲದಲ್ಲಿ ಜೋಳದ ಬೆಳೆ ಎದೆಯುದ್ದ. ಬನ್ನಿ ಗಿಡದ ಕೆಳಗೆ ಕೌದಿ ಹಾಸಿ ಬುಟ್ಟಿ ಬಿಚ್ಚಿದರು. ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ. ಅವಳು ಹೋಳಿಗೆ ಮುರಿದು ಬಾಯಿಗೆ ಇಡುವಷ್ಟರಲ್ಲಿ ದೊಡ್ಡಮ್ಮ ಗಲ್ಲ ಹಿಡಿದು ಪ್ರೀತಿಯಿಂದಲೇ ಅಂದರು, "ಈಗ ನೋಡು, ದುಂಡಗಾಗಿದಿ. ಛಂದ ಕಾಣಲತ್ತಿ."

ಅವಳ ಕೈ ನಿಂತಿತು. ಹೋಳಿಗೆಯ ಹೂರಣ ಬೆರಳ ಸಂದಿನಿಂದ ಪುಡಿಪುಡಿಯಾಗಿ ಲಂಗದ ಮೇಲೆ ಉದುರಿತು. ನಾನು ಉಸಿರು ಹಿಡಿದು ಕೂತೆ. ಅಕ್ಕ ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಹುಡುಗಿಯ ತುಟಿ ಸಣ್ಣಗೆ ಅಲುಗಿದವು. ಆಮೇಲೆ ಆ ತುಂಡು ಬಾಯಿಗೆ ಹೋಯಿತು. ಅರ್ಧ ಹೋಳಿಗೆ ತಿಂದಳು. ಉಳಿದರ್ಧ ಕಾಗದದಲ್ಲಿ ಸುತ್ತಿಟ್ಟಳು. ಮಾಮನ ಹಿಂದೆ ಚರಗ ಚೆಲ್ಲಲು ಬೆಳೆಯೊಳಗೆ ಓಡಿಹೋದಳು.

ವಾಪಸ್ ಬರುವಾಗ ಟಂಟಂನಲ್ಲಿ ಮೆಲ್ಲಗೆ ಕೇಳಿದೆ, ಏನಾಯ್ತು ಅಂತ. "ವಿಚಾರ ಬಂದಿತ್ತು ಸಣ್ಣವ್ವ. ಬಾಜೂಕ ಕೂಡಿಸ್ಕೊಂಡು ಉಂಡೆ."

ಆಳಂದ ದಾಟುವಾಗ ಅವಳ ಫೋನಿನ ಅಲಾರಂ ಹೊಡೆಯಿತು. ಐದು ಗಂಟೆ. ಅವಳು ಅದನ್ನು ಆಫ್ ಮಾಡಿ, ಚೀಲದಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು.